ಪೆಡಲ್ ಸ್ಟೀಲ್ ಗಿಟಾರ್‌ಗೆ 12 ಇಂಚಾ, 15 ಇಂಚಾ? ದಯವಿಟ್ಟು ತಿಳಿದವರು ಹೇಳಿ

ಬಿಸಿಲೂರ ಗಿಟಾರ್, ಕಲಬುರಗಿ

ಎಲ್ಲರಿಗೂ ಶರಣು. ಸ್ಪೀಕರ್ ಸೈಜಿನ ಬಗ್ಗೆ ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಏನು ನುಡಿಸುತ್ತೇನೆ, ಎಲ್ಲಿ ನುಡಿಸುತ್ತೇನೆ ಅಂತ ಹೇಳದಿದ್ದರೆ ನಿಮಗೂ ಉತ್ತರ ಕೊಡಲು ಆಗುವುದಿಲ್ಲ.

ನನಗೀಗ 58 ವರ್ಷ. ಹುಡುಗನಾಗಿದ್ದಾಗ ಮನೆಯಲ್ಲಿ ರೇಡಿಯೊ ಸಿಲೋನ್ ಹಚ್ಚುತ್ತಿದ್ದರು. ಅದರಲ್ಲಿ ಗಿಟಾರ್ ಮೇಲೆ ಸಿನಿಮಾ ಹಾಡುಗಳು ಬರುತ್ತಿದ್ದವು. ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಎಂಬ ಹೆಸರುಗಳು ಗೊತ್ತಾದದ್ದು ಆಮೇಲೆ. ಮೊದಲು ಕಿವಿಗೆ ಬಿದ್ದದ್ದು ಆ ಜಾರುವ ಸ್ವರ. ಅದೇ ಗುಂಗಿನಲ್ಲಿ ಹವಾಯಿಯನ್ ಗಿಟಾರ್ ಕಲಿತೆ, ತಂತಿ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವುದು. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದೆ. ಲಗ್ನ, ಗಣಪತಿ ಹಬ್ಬ, ಜಾತ್ರೆ, ಎಲ್ಲಾ ಕಡೆ. ಆಮೇಲೆ ಆರ್ಕೆಸ್ಟ್ರಾ ನಿಂತಿತು. ಈಗ ತತ್ವಪದ ಹಾಡುವ ನಾಲ್ಕು ಜನರ ತಂಡದ ಜೊತೆ ಕೂರುತ್ತೇನೆ.

ಹೋದ ದೀಪಾವಳಿಗೆ ಅಕ್ಕನ ಮಗ ಟೆಕ್ಸಾಸ್‌ನಿಂದ ಬಂದ. ಬರುವಾಗ ಒಂದು ಹಳೆಯ ಪೆಡಲ್ ಸ್ಟೀಲ್ ಗಿಟಾರ್ ತಂದುಕೊಟ್ಟ. ಕಾಲು, ಪೆಡಲ್, ಕಂಬಿ ಎಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಜೋಡಿಸಲು ನನಗೆ ಎರಡು ದಿನ ಹಿಡಿಯಿತು. ಹತ್ತು ತಂತಿ, ಇ9 ಶ್ರುತಿ (ತಂತಿಗಳನ್ನು ಕೂಡಿಸುವ ಒಂದು ಕ್ರಮ), ಮೂರು ಪೆಡಲ್, ಮೊಣಕಾಲಿಗೆ ನಾಲ್ಕು ಲಿವರ್. ಈ ವಾದ್ಯ ನೋಡದವರಿಗೆ ಒಂದು ಮಾತು. ಎಡಗಾಲಿನ ಮೊದಲ ಪೆಡಲ್ ಒತ್ತಿದರೆ ಬಿ ತಂತಿ ಸಿ ಶಾರ್ಪ್‌ಗೆ ಏರುತ್ತದೆ. ಇ ಸ್ವರವನ್ನು ಸ ಅಂತ ಇಟ್ಟುಕೊಂಡರೆ ಅದು ಪ ದಿಂದ ಧ ಗೆ ಹೋಗುವ ಮೀಂಡ್. ಎರಡನೆಯ ಪೆಡಲ್ ಗ ದಿಂದ ಮ ಗೆ ಒಯ್ಯುತ್ತದೆ. ಪಕ್ಕದ ಸ ತಂತಿ ಮಾತ್ರ ನಿಂತಲ್ಲೇ ನಿಂತಿರುತ್ತದೆ! ನನ್ನ ಹಳೆಯ ಗಿಟಾರ್‌ನಲ್ಲಿ ಬಾರ್ ಜಾರಿಸಿದರೆ ಎಲ್ಲ ತಂತಿಯೂ ಒಟ್ಟಿಗೆ ಜಾರುತ್ತಿದ್ದವು. ಇದು ಬೇರೆಯೇ ಲೋಕ. ರಾತ್ರಿ ಊಟ ಮರೆತು ಕೂತದ್ದೂ ಇದೆ.

ಈಗ ತೊಂದರೆಗೆ ಬರುತ್ತೇನೆ. ನನ್ನ ಹತ್ತಿರ ಇರುವುದು 30 ವ್ಯಾಟಿನ ಗಿಟಾರ್ ಆಂಪ್, 10 ಇಂಚಿನ ಸ್ಪೀಕರ್. ಹವಾಯಿಯನ್ ಗಿಟಾರ್‌ಗೆ ಅದು ಸಾಕಾಗಿತ್ತು. ಪೆಡಲ್ ಸ್ಟೀಲ್ ಹಚ್ಚಿದರೆ 3ನೇ, 4ನೇ ತಂತಿಗಳು 12ನೇ ಫ್ರೆಟ್ ದಾಟಿದ ಮೇಲೆ ಸೂಜಿ ಚುಚ್ಚಿದಂತೆ ಕೇಳುತ್ತವೆ. ವಾಲ್ಯೂಮ್ ಪೆಡಲ್ (ಕಾಲಿನಿಂದ ಶಬ್ದ ಏರಿಸಿ ಇಳಿಸುವುದು) ಸ್ವಲ್ಪ ಜಾಸ್ತಿ ಒತ್ತಿದರೆ ಹರಿದ ಕಾಗದ ಅದುರಿದ ಹಾಗೆ ಶಬ್ದ ಬರುತ್ತದೆ. ಇನ್ನು 10ನೇ ತಂತಿ ಮನೆಯ ಕೋಣೆಯಲ್ಲಿ ಗುಂಯ್ ಅಂತ ತುಂಬಿಬಿಡುತ್ತದೆ, ಬೇರೆ ತಂತಿ ಕೇಳಿಸುವುದಿಲ್ಲ. ಕೋಣೆ 9 ಅಡಿ ಅಗಲ, 14 ಅಡಿ ಉದ್ದ. ಕೆಳಗೆ ಶಹಾಬಾದ್ ಫರಸಿ.

ಇಲ್ಲಿನ ಒಂದು ಅಂಗಡಿಯಲ್ಲಿ ಕೇಳಿದೆ. "15 ಇಂಚಿನ ಡಿಜೆ ವೂಫರ್ ಹಾಕಿರಿ, 500 ವ್ಯಾಟು, ಯಾವ ಚಿಂತೆಯೂ ಇಲ್ಲ" ಅಂದರು. ತಂದು ಹಳೆಯ ಬಾಕ್ಸಿಗೆ ಹಾಕಿ ಜೋಡಿಸಿದೆ. ಕಂಬಳಿ ಹೊದ್ದು ಹಾಡಿದ ಹಾಗೆ ಬಂತು. ಎರಡು ತಿಂಗಳು ಕೂಡಿಟ್ಟ ದುಡ್ಡು ಅದು, ಬಹಳ ಬೇಜಾರಾಯಿತು.

ನುಡಿಸುವ ಜಾಗ: ಮನೆ, ಮತ್ತು ನಮ್ಮ ಕಡೆಯ ಸಮಾಜ ಭವನ. ಅಲ್ಲೂ ನೆಲ ಫರಸಿ, ಮೇಲೆ ಆರ್‌ಸಿಸಿ, 200 ಜನ ಕೂರುತ್ತಾರೆ. ಸಾಮಾನು ಆಟೊದಲ್ಲಿ ಒಯ್ಯಬೇಕು. ಒಂದು ಸಲಕ್ಕೆ 20 ಕಿಲೊಗಿಂತ ಜಾಸ್ತಿ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ಕೈಯಲ್ಲಿರುವ ದುಡ್ಡು ನಲವತ್ತು ಸಾವಿರ. 12 ಇಂಚು ಒಳ್ಳೆಯದಾ, 15 ಇಂಚಾ, ಅಥವಾ ಎರಡು 10 ಇಂಚು ಹಾಕಲಾ?

ಚರ್ಚ್ ಕೀಬೋರ್ಡ್, ಬೀದರ್

ಅಣ್ಣಾ, ನಮಸ್ಕಾರ. ನಮ್ಮ ಕಡೆ ಪೆಡಲ್ ಸ್ಟೀಲ್ ಇದೆ ಅಂತ ಓದಿಯೇ ಖುಷಿ ಆಯಿತು. ಭಾನುವಾರದ ಆರಾಧನೆಯಲ್ಲಿ ನಾನು ಕೀಬೋರ್ಡ್ ಜೊತೆ ಹವಾಯಿಯನ್ ಗಿಟಾರನ್ನೂ ನುಡಿಸುತ್ತೇನೆ.

ನನ್ನ ಮತ 15 ಇಂಚಿಗೆ. ಅಮೆರಿಕದಲ್ಲಿ ಸ್ಟೀಲ್ ನುಡಿಸುವವರು ಬಹಳ ವರ್ಷದಿಂದ ಅದನ್ನೇ ನೆಚ್ಚಿಕೊಂಡಿದ್ದಾರೆ. ಪೀವಿ ಕಂಪನಿಯ ಸೆಷನ್ 400, ನ್ಯಾಶ್‌ವಿಲ್ 400, ಫೆಂಡರ್‌ನ ಸ್ಟೀಲ್ ಕಿಂಗ್, ಈ ಮೂರು ಆಂಪಿನಲ್ಲೂ 15 ಇಂಚಿನ ಒಂದೇ ಸ್ಪೀಕರ್. ಎರಡು 12 ಇಂಚಿನ ಟ್ವಿನ್ ರಿವರ್ಬ್ ಬಳಸಿದವರೂ ತುಂಬಾ ಜನ. ಆಮೇಲೆ ಪೀವಿಯವರೇ ನ್ಯಾಶ್‌ವಿಲ್ 112 ಅಂತ 12 ಇಂಚಿನದು ಮಾಡಿದರು. 80 ವ್ಯಾಟ್, ಎತ್ತಲು ಹಗುರ. ಅದನ್ನೂ ಮೆಚ್ಚಿದವರಿದ್ದಾರೆ. ಹಾಗಾಗಿ 12 ಅಂದರೆ ತಪ್ಪು ಅಂತ ಅಲ್ಲ. ಆದರೆ ನಮ್ಮ ಚರ್ಚಿನಲ್ಲಿ ನಾನು ಎರಡನ್ನೂ ಹಚ್ಚಿ ಕೇಳಿದ್ದೇನೆ. ನಿಧಾನದ ಗೀತೆಗೆ 15ರಲ್ಲಿ ಸ್ವರ ತುಂಬಿಕೊಂಡು ಬರುತ್ತದೆ.

ಹಳೆಯ ಅಮೆರಿಕನ್ ಆಂಪ್ ತರಿಸುವ ಯೋಚನೆ ಇದ್ದರೆ ಬಿಡಿ. ಅದು 120 ವೋಲ್ಟಿನದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಬೇರೆ, ಹಡಗಿನ ಖರ್ಚು ಬೇರೆ.

ಕಾಯಿಲ್ ರಿಪೇರಿ, ಹೈದರಾಬಾದ್ (ಊರು ಕಲಬುರಗಿ)

ಕಾಕಾ, ನಮಸ್ಕಾರ. ನಾನು ಬ್ರಹ್ಮಪುರದ ಹುಡುಗ. ಕೋಟಿ ಹತ್ತಿರ ಸ್ಪೀಕರ್ ರಿಪೇರಿ ಮಾಡುತ್ತೇನೆ. ಕೋನ್ (ಸ್ಪೀಕರಿನ ಅದುರುವ ಭಾಗ) ಹರಿದದ್ದು, ಕಾಯಿಲ್ (ಅದರ ಹಿಂದಿನ ತಂತಿಯ ಸುರುಳಿ) ಸುಟ್ಟದ್ದು ದಿನಾ ಬರುತ್ತವೆ. ಸ್ಟೀಲ್ ಗಿಟಾರ್ ನುಡಿಸಲು ನನಗೆ ಬರುವುದಿಲ್ಲ. ಆದರೆ ನಿಮ್ಮ ಮೂರು ತೊಂದರೆಗೂ ಮೂರು ಬೇರೆ ಕಾರಣ ಇವೆ. ಒಂದೇ ಸ್ಪೀಕರ್ ಬದಲಿಸಿ ಮೂರನ್ನೂ ಸರಿ ಮಾಡಲು ಹೋದದ್ದರಿಂದ ಅಂಗಡಿಯಲ್ಲಿ ಮೋಸ ಹೋದಿರಿ.

ಮೊದಲು 10ನೇ ತಂತಿ. ಇ9 ಶ್ರುತಿಯಲ್ಲಿ ಅದು ಬಿ, ಸುಮಾರು 123 ಹರ್ಟ್ಸ್. ನಿಮ್ಮ ಕೋಣೆ 9 ಅಡಿ ಅಗಲ, ಅಂದರೆ 2.74 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಹಿಡಿದರೆ ಆ ಎರಡು ಗೋಡೆಗಳ ನಡುವೆ ಮೊದಲು 62 ಹರ್ಟ್ಸ್, ಆಮೇಲೆ 125 ಹರ್ಟ್ಸ್ ಹತ್ತಿರ ಶಬ್ದ ಉಬ್ಬುತ್ತದೆ. ನಿಮ್ಮ 10ನೇ ತಂತಿ ಸರಿಯಾಗಿ ಅಲ್ಲಿಗೇ ಹೋಗಿ ಕೂತಿದೆ. ಯಾವ ಸ್ಪೀಕರ್ ತಂದರೂ ಆ ಕೋಣೆಯಲ್ಲಿ ಅದು ಗುಂಯ್ ಅನ್ನುತ್ತದೆ. ಆಂಪ್ ಮೂಲೆಯಲ್ಲಿ ಇಟ್ಟಿದ್ದೀರಾ? ಇದ್ದರೆ ಗೋಡೆ ಬಿಟ್ಟು ಈಚೆಗೆ ತನ್ನಿ. ನೀವು ಕೂರುವ ಜಾಗವನ್ನೂ ಎರಡು ಅಡಿ ಸರಿಸಿ ನೋಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇದರಲ್ಲೇ ಇನ್ನೊಂದು ವಿಷಯ ಇದೆ. 15 ಇಂಚು ಬೇಕು ಅನ್ನುವವರು ಬಾಸ್‌ಗಾಗಿ ಬೇಕು ಅಂದುಕೊಳ್ಳುತ್ತಾರೆ. ಸಾಮಾನ್ಯ ಗಿಟಾರ್‌ನ 6ನೇ ತಂತಿ 82 ಹರ್ಟ್ಸ್. ನಿಮ್ಮ ಇ9ರ ಅತಿ ಕೆಳಗಿನ ತಂತಿ 123. ಅಂದರೆ ನಿಮ್ಮ ವಾದ್ಯ ಸಾಮಾನ್ಯ ಗಿಟಾರಿನಷ್ಟು ಕೂಡ ಕೆಳಗೆ ಇಳಿಯುವುದಿಲ್ಲ. ಸಿ6 ಶ್ರುತಿಯ ಎರಡನೇ ನೆಕ್, ಅಂದರೆ ಪಕ್ಕದಲ್ಲಿ ಇನ್ನೊಂದು ಸಾಲು ತಂತಿ, ಇದ್ದಿದ್ದರೆ ಮಾತು ಬೇರೆ. ಅದರ 10ನೇ ತಂತಿ 65 ಹರ್ಟ್ಸ್‌ಗೆ ಇಳಿಯುತ್ತದೆ. ಅದಕ್ಕೆ ದೊಡ್ಡ ಕೋನ್ ಬೇಕೇ ಬೇಕು. ನಿಮಗೆ ಕೆಳಗಿನ ಸ್ವರಕ್ಕೆ ಒಳ್ಳೆಯ 12 ಇಂಚು ಧಾರಾಳವಾಗಿ ಸಾಕು.

ಹಾಗಿದ್ದರೂ ನಾನು ಹೇಳುವುದು 15ನ್ನೇ. ಕಾರಣ ನಿಮ್ಮ ಮೇಲಿನ ತಂತಿಗಳು.

3ನೇ ತಂತಿ ಜಿ ಶಾರ್ಪ್, 415 ಹರ್ಟ್ಸ್. 12ನೇ ಫ್ರೆಟ್‌ನಲ್ಲಿ 831. ಅದರ ಮೂರರಷ್ಟು, ನಾಲ್ಕರಷ್ಟು ಇರುವ ಉಪಸ್ವರಗಳು 2500ರಿಂದ 3300ರ ನಡುವೆ ಬೀಳುತ್ತವೆ. ಮನುಷ್ಯನ ಕಿವಿಗೆ ಅತಿ ಚುರುಕಾಗಿ ಕೇಳಿಸುವುದು 2000ರಿಂದ 5000 ಹರ್ಟ್ಸ್. ಗಿಟಾರ್‌ಗೆ ಅಂತ ಮಾಡಿದ 10, 12 ಇಂಚಿನ ಸ್ಪೀಕರ್‌ಗಳಲ್ಲಿ ಬಹಳಷ್ಟು ಇದೇ ಜಾಗದಲ್ಲಿ ಬೇಕೆಂದೇ ಏರಿಸಿರುತ್ತಾರೆ. ಬ್ಯಾಂಡ್ ನಡುವೆ ಗಿಟಾರ್ ಎದ್ದು ಕೇಳಲಿ ಅಂತ. ನಿಮಗೆ ಸೂಜಿ ಚುಚ್ಚುವುದು ಅದೇ. 15 ಇಂಚಿನ ಸರಿಯಾದ ಸ್ಪೀಕರಿನಲ್ಲಿ ಕೋನ್ ದೊಡ್ಡದು, ಸ್ವಲ್ಪ ಭಾರ. ಆ ಚುಚ್ಚುವ ಭಾಗ ಸಣ್ಣಗಾಗುತ್ತದೆ. 831ರ ಮೂಲ ಸ್ವರಕ್ಕೆ ಮೈ ಬರುತ್ತದೆ. ಬೀದರ್‌ನ ಅಣ್ಣ "ತುಂಬಿಕೊಂಡು ಬರುತ್ತದೆ" ಅಂದದ್ದು ಇದನ್ನೇ ಅಂತ ನನಗನಿಸುತ್ತದೆ.

ಹಾಗಾದರೆ ಡಿಜೆ ವೂಫರ್ ಯಾಕೆ ಕೆಟ್ಟಿತು? ಅದೂ 15 ಇಂಚೇ ಅಲ್ವಾ? ಅದನ್ನು ಮಾಡಿರುವುದೇ ಹಾರ್ನ್ ಜೊತೆ ಸೇರಿಸಿ ನುಡಿಸಲು. ಮೇಲಿನದನ್ನು ಹಾರ್ನ್ ನೋಡಿಕೊಳ್ಳುತ್ತದೆ ಅಂತ ದಪ್ಪ ಕೋನ್ ಹಾಕಿರುತ್ತಾರೆ. 2000 ದಾಟಿದ ಮೇಲೆ ಅದರಲ್ಲಿ ಏನೂ ಸರಿಯಾಗಿ ಬರುವುದಿಲ್ಲ. ನಿಮಗೆ ಬೇಕಾದದ್ದು 4000, 5000ದವರೆಗೆ ಹಾರ್ನ್ ಇಲ್ಲದೆಯೇ ಹಾಡುವ 15 ಇಂಚು. ಹಳೆಯ ಜೆಬಿಎಲ್ ಡಿ130ಗೆ ಸ್ಟೀಲ್‌ನವರು ಮುಗಿಬೀಳುತ್ತಿದ್ದದ್ದು ಅದಕ್ಕೇ. ಅದರ ನಡುವೆ ಅಲ್ಯುಮಿನಿಯಂ ಗುಮ್ಮಟ ಇದೆ, ಮೇಲಿನ ಸ್ವರಕ್ಕೆ ಹೊಳಪು ಕೊಡುತ್ತದೆ. ಪೀವಿಯ ಬ್ಲ್ಯಾಕ್ ವಿಡೋ ಸ್ಪೀಕರಿನಲ್ಲೂ ಹಾಗೇ. ಎಮಿನೆನ್ಸ್ ಕಂಪನಿ ಪೆಡಲ್ ಸ್ಟೀಲ್‌ಗೆಂದೇ ಇಪಿಎಸ್-15ಸಿ, ಇಪಿಎಸ್-12ಸಿ ಅಂತ ಎರಡು ಮಾಡಿತು. ಸಿಕ್ಕರೆ ಒಳ್ಳೆಯದು.

ಕೊನೆಗೆ ಆ ಹರಿದ ಶಬ್ದ. ಅದು ವ್ಯಾಟಿನ ಕೊರತೆ. ನೀವು ಮೀಟಿದ ಮೇಲೆ ಸ್ವರ ಇಳಿಯುತ್ತಾ ಹೋಗುತ್ತದೆ, ನೀವು ಪಾದದಿಂದ ವಾಲ್ಯೂಮ್ ಪೆಡಲ್ ಒತ್ತುತ್ತಾ ಅದನ್ನು ಎತ್ತಿ ಹಿಡಿಯುತ್ತೀರಿ. ಸರಿ. ಆದರೆ ಪೆಡಲ್ ಮೇಲಿದ್ದಾಗಲೇ ಮುಂದಿನ ತಂತಿ ಮೀಟಿದರೆ? ಆ ಏಟು 10 ಡೆಸಿಬೆಲ್ ಜಾಸ್ತಿ ಬಂತು ಅಂತ ಇಟ್ಟುಕೊಳ್ಳಿ. 10 ಡೆಸಿಬೆಲ್ ಅಂದರೆ ಹತ್ತು ಪಟ್ಟು ವ್ಯಾಟ್. 5 ವ್ಯಾಟಿನಲ್ಲಿ ಹಾಯಾಗಿ ಹೋಗುತ್ತಿದ್ದ ಆಂಪ್ ಆ ಒಂದು ಕ್ಷಣ 50 ಕೇಳುತ್ತದೆ. ನಿಮ್ಮದು 30. ಸಿಗಲಿಲ್ಲ, ಹರಿಯಿತು. ಸ್ಟೀಲ್ ಆಂಪ್‌ಗಳು ನೂರು, ಇನ್ನೂರು ವ್ಯಾಟ್ ಇರುವುದು ಜೋರಾಗಿ ನುಡಿಸಲು ಅಲ್ಲ. ಮೆಲ್ಲಗೆ ನುಡಿಸಿದರೂ ಸ್ವರ ಒಡೆಯಬಾರದು ಅಂತ.

ಎರಡು 10 ಇಂಚಿನ ಬಗ್ಗೆ: ಇಂಚನ್ನು ವರ್ಗ ಮಾಡಿ ನೋಡಿ. ಎರಡು ಹತ್ತು ಅಂದರೆ 200, ಒಂದು ಹದಿನೈದು ಅಂದರೆ 225, ಒಂದು ಹನ್ನೆರಡು 144. ಗಾಳಿ ತಳ್ಳುವುದರಲ್ಲಿ ಎರಡು ಹತ್ತು ಕಡಿಮೆ ಏನಲ್ಲ. ಆದರೆ ಸಣ್ಣ ಕೋನಿನ ಚುರುಕು ಹಾಗೇ ಉಳಿಯುತ್ತದೆ, ನಿಮ್ಮ ಸೂಜಿ ಹೋಗುವುದಿಲ್ಲ.

ಯಾದಗಿರಿ ಮೈಕ್‌ಸೆಟ್

ಸರ್, ಮೇಲಿನವರು ಲೆಕ್ಕ ಹೇಳಿದ್ದಾರೆ. ನಾನು ಮೈಕ್‌ಸೆಟ್ ಇಟ್ಟುಕೊಂಡವನು, ಸಾಮಾನು ಹೊರುವ ಮಾತು ಹೇಳುತ್ತೇನೆ.

ಸ್ಪೀಕರ್ ಮೇಲೆ ಬರೆದ ವ್ಯಾಟ್ ನೋಡಿ ಕೊಳ್ಳಬೇಡಿ. ಅದು ಎಷ್ಟು ತಡೆದುಕೊಳ್ಳುತ್ತದೆ ಅಂತ ಅಷ್ಟೇ. ಎಷ್ಟು ಕೂಗುತ್ತದೆ ಅನ್ನುವುದು 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ ಬರೆದಿರುತ್ತಾರಲ್ಲ, ಅದರಲ್ಲಿದೆ. 97 ಇದ್ದದ್ದಕ್ಕೂ 100 ಇದ್ದದ್ದಕ್ಕೂ ಮೂರೇ ವ್ಯತ್ಯಾಸ ಅನಿಸುತ್ತದೆ. ಆದರೆ 97ರದ್ದು ಅಷ್ಟೇ ಕೂಗಬೇಕಾದರೆ ಆಂಪ್ ಎರಡು ಪಟ್ಟು ವ್ಯಾಟ್ ಕೊಡಬೇಕು.

ಓಮ್ಸ್ ನೋಡಿ. ಟ್ರಾನ್ಸಿಸ್ಟರ್ ಆಂಪ್ 4 ಓಮ್‌ಗೆ ಮಾಡಿದ್ದರೆ 8 ಓಮ್ ಸ್ಪೀಕರ್ ಹಚ್ಚಿದಾಗ ಏನೂ ಸುಡುವುದಿಲ್ಲ, ಆದರೆ ವ್ಯಾಟ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. 8ಕ್ಕೆ ಮಾಡಿದ್ದರ ಮೇಲೆ 4 ಹಚ್ಚಬೇಡಿ.

ಆಮೇಲೆ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಕೆಳಗೆ ಬಾಕ್ಸ್ ಇಟ್ಟರೆ ಕಾಯಿಲ್ ಮೊದಲೇ ಕಾದಿರುತ್ತದೆ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. 8 ಓಮ್ ಸ್ಪೀಕರಿಗೆ ಮೀಟರ್ ಇಟ್ಟರೆ ಸುಮಾರು 6 ತೋರಿಸುತ್ತದೆ, ಅಲ್ವಾ? ಅದೇ ಕಾಯಿಲ್ 100 ಡಿಗ್ರಿ ಜಾಸ್ತಿ ಕಾದರೆ 8 ದಾಟುತ್ತದೆ. ಆಗ ಕಾರ್ಯಕ್ರಮ ಶುರುವಾದಾಗಿನ ಶಬ್ದ ಒಂದು ತಾಸಿನ ಮೇಲೆ ಇರುವುದಿಲ್ಲ. ಹುಡುಗರು ವಾಲ್ಯೂಮ್ ಏರಿಸುತ್ತಾರೆ, ಇನ್ನೂ ಕಾಯುತ್ತದೆ, ಕೊನೆಗೆ ಸುಡುತ್ತದೆ. ನಿಮ್ಮ ಕೈಯಲ್ಲಿ ನೂರು ವ್ಯಾಟಿನ ಆಂಪ್ ಇದ್ದರೆ ಇನ್ನೂರು ತಡೆಯುವ ಸ್ಪೀಕರ್ ಹಾಕಿ.

ಜನರೇಟರ್ ಮೇಲೆ ನುಡಿಸುವಾಗ ಆಂಪ್ ಮುಂದೆ ಸ್ಟೆಬಿಲೈಸರ್ ಇರಲಿ. ಬೇರೆಯವರ ಲೈಟು, ಕೂಲರ್ ಹಚ್ಚಿದ ಬೋರ್ಡಿಗೆ ಹಚ್ಚಬೇಡಿ. ಒಳ್ಳೆಯ ಸಾಮಾನು ಹಾಳಾಗುವುದನ್ನು ನೋಡಲು ಆಗುವುದಿಲ್ಲ ಸರ್.

ಒಂದು ಉಪಾಯ ಹೇಳಲಾ? ಆರ್ಕೆಸ್ಟ್ರಾದವರ ಹತ್ತಿರ ಕೀಬೋರ್ಡ್ ಆಂಪ್ ಇರುತ್ತವೆ. ರೋಲ್ಯಾಂಡ್ ಕೆಸಿ-550ರಲ್ಲಿ 15 ಇಂಚು, 180 ವ್ಯಾಟ್. ಕೆಸಿ-350ರಲ್ಲಿ 12 ಇಂಚು, 120 ವ್ಯಾಟ್. ಎರಡನ್ನೂ ಒಂದು ದಿನ ಬಾಡಿಗೆಗೆ ತಂದು ಭವನದಲ್ಲೇ ಇಟ್ಟು ನುಡಿಸಿ. ಓದಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದು ಬೇಗ.

ಬಿಸಿಲೂರ ಗಿಟಾರ್, ಕಲಬುರಗಿ

ಎಲ್ಲರಿಗೂ ಬಹಳ ಉಪಕಾರ. ಹೈದರಾಬಾದ್‌ನ ತಮ್ಮನಿಗೆ ಮೊದಲು. ಆಂಪ್ ಮೂಲೆಯಲ್ಲೇ ಇತ್ತು! ಗೋಡೆಯಿಂದ ಮೂರು ಅಡಿ ಈಚೆ ತಂದು, ನನ್ನ ಕುರ್ಚಿಯನ್ನೂ ಸರಿಸಿದೆ. ಗುಂಯ್ ಅನ್ನುವುದು ಪೂರ್ತಿ ಹೋಗಲಿಲ್ಲ, ಆದರೆ ಈಗ 10ನೇ ತಂತಿಯ ಜೊತೆ 6ನೇದೂ ಕೇಳಿಸುತ್ತದೆ. ಇಷ್ಟು ತಿಂಗಳು ಸ್ಪೀಕರನ್ನು ಬೈಯುತ್ತಿದ್ದೆ.

ಯಾದಗಿರಿಯವರು ಹೇಳಿದಂತೆ ಹಳೆಯ ಆರ್ಕೆಸ್ಟ್ರಾ ಗೆಳೆಯರಿಂದ ಎರಡೂ ರೋಲ್ಯಾಂಡ್ ತಂದೆ. ಭಾನುವಾರ ಮಧ್ಯಾಹ್ನ ಸಮಾಜ ಭವನದ ಬೀಗ ತೆಗೆಸಿದೆ. ತಂಡದ ಹಾರ್ಮೋನಿಯಂನವರು ಕೇಳಲು ಬಂದಿದ್ದರು. ಆದರೆ ಎರಡರಲ್ಲೂ ಸ್ವರ ಮಂಕು. 15 ಇನ್ನೂ ಮಂಕು. ಆ ಡಿಜೆ ವೂಫರೇ ನೆನಪಾಯಿತು. ಹಾರ್ನ್ ಇದ್ದರೂ ಯಾಕೆ ಹೀಗೆ? ಟ್ರೆಬಲ್ ಪೂರ್ತಿ ಏರಿಸಿದರೆ ಬರೀ ಸುಯ್ ಅನ್ನುವ ಶಬ್ದ ಜಾಸ್ತಿ ಆಯಿತು. ನನ್ನ ಗಿಟಾರ್‌ನ ಪಿಕಪ್ಪೇ ಹಾಳಾಗಿದೆಯಾ ಅಂತ ಭಯ ಆಗಿದೆ.

ಕಾಯಿಲ್ ರಿಪೇರಿ, ಹೈದರಾಬಾದ್

ಪಿಕಪ್ ಹಾಳಾಗಿಲ್ಲ ಕಾಕಾ, ಭಯ ಬೇಡ. ನಾನೇ ಮೊದಲು ಹೇಳಬೇಕಿತ್ತು.

ಕೀಬೋರ್ಡ್ ಆಂಪಿನ ಇನ್‌ಪುಟ್ ಕೀಬೋರ್ಡಿಗೆ ಮಾಡಿದ್ದು. ಕೀಬೋರ್ಡ್ ಒಳಗೆ ಕರೆಂಟಿನ ಸರ್ಕ್ಯೂಟ್ ಇದೆ, ಎಷ್ಟು ಎಳೆದರೂ ಕೊಡುತ್ತದೆ. ನಿಮ್ಮ ಪಿಕಪ್ ಬರೀ ಮ್ಯಾಗ್ನೆಟ್ ಮತ್ತು ಸಾವಿರಾರು ಸುತ್ತು ಸಣ್ಣ ತಂತಿ. ಅದರಿಂದ ಎಳೆದರೆ ಮೊದಲು ಸಾಯುವುದು ಮೇಲಿನ ಸ್ವರ. ಗಿಟಾರ್ ಆಂಪಿನ ಇನ್‌ಪುಟ್ ಸುಮಾರು 10 ಲಕ್ಷ ಓಮ್ ಇರುತ್ತದೆ, ಅದಕ್ಕೇ ಅಲ್ಲಿ ಈ ತೊಂದರೆ ಗೊತ್ತಾಗಲಿಲ್ಲ. ವಾಲ್ಯೂಮ್ ಪೆಡಲ್ ಒಳಗಿನ ಪಾಟ್ (ಶಬ್ದ ಏರಿಳಿಸುವ ರೆಸಿಸ್ಟೆನ್ಸ್) ಬೇರೆ ಸ್ವಲ್ಪ ತಿನ್ನುತ್ತದೆ.

ಯಾರ ಹತ್ತಿರವಾದರೂ ಬಾಸ್ ಕಂಪನಿಯ ಟ್ಯೂನರ್ ಪೆಡಲ್ ಇದೆಯಾ ಕೇಳಿ. ಅದರಲ್ಲಿ ಬಫರ್ ಇರುತ್ತದೆ, ಪಿಕಪ್ಪಿನಿಂದ ಜಾಸ್ತಿ ಎಳೆಯದೆ ಸ್ವರವನ್ನು ಮುಂದಕ್ಕೆ ಕಳಿಸುವ ಸಣ್ಣ ಸರ್ಕ್ಯೂಟ್. ಗಿಟಾರ್‌ನಿಂದ ಮೊದಲು ಅದಕ್ಕೆ, ಅದರಿಂದ ವಾಲ್ಯೂಮ್ ಪೆಡಲ್‌ಗೆ, ಆಮೇಲೆ ಆಂಪ್‌ಗೆ. ಇದೇ ಕ್ರಮ. ಹಾಗೆ ಮಾಡಿ ಮತ್ತೆ ಕೇಳಿ. ಕೇಳುವಾಗ ನೀವು ಕೂತಲ್ಲೇ ಕೂತು ತೀರ್ಮಾನ ಮಾಡಬೇಡಿ. ಇನ್ನೊಬ್ಬರಿಗೆ ನುಡಿಸಲು ಹೇಳಿ, ಬರದಿದ್ದರೆ ಸುಮ್ನೆ ತಂತಿ ಮೀಟಲಿ ಸಾಕು. ನೀವು ಎದುರಿಗೆ, ಪಕ್ಕಕ್ಕೆ, ಹಿಂದಿನ ಸಾಲಿಗೆ ನಡೆದು ಕೇಳಿ. 15 ಇಂಚಿನ ಕೋನಿನಲ್ಲಿ ಅಲುಗುವ ಭಾಗ 33 ಸೆಂಟಿಮೀಟರ್ ಹತ್ತಿರ. 1000 ಹರ್ಟ್ಸ್ ಶಬ್ದದ ಅಲೆಯ ಉದ್ದವೂ ಅಷ್ಟೇ, 34. ಅದಕ್ಕಿಂತ ಮೇಲಿನ ಸ್ವರವನ್ನು 15 ಟಾರ್ಚ್ ಹಾಗೆ ನೇರಕ್ಕೆ ಎಸೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಕಡಿಮೆ. 12 ಇಂಚಿನಲ್ಲಿ ಅದು 1300ರ ಮೇಲೆ ಶುರುವಾಗುತ್ತದೆ. 15ರ ದೊಡ್ಡ ಕೊರತೆ ಅಂದರೆ ಇದೊಂದೇ.

ಬಿಸಿಲೂರ ಗಿಟಾರ್, ಕಲಬುರಗಿ

ಈ ಭಾನುವಾರದ ಸುದ್ದಿ ಬರೆಯುತ್ತಿದ್ದೇನೆ. ಒಬ್ಬ ಕಾಲೇಜು ಹುಡುಗನ ಹತ್ತಿರ ಆ ಟ್ಯೂನರ್ ಪೆಡಲ್ ಸಿಕ್ಕಿತು. ಅವನೂ ಗಿಟಾರ್ ನುಡಿಸುತ್ತಾನೆ, ಪೆಡಲ್ ಸ್ಟೀಲ್ ನೋಡಬೇಕು ಅಂತ ತಾನೇ ಬಂದ.

ಗಿಟಾರ್‌ನಿಂದ ಟ್ಯೂನರ್‌ಗೆ ಹಚ್ಚಿದ ಕೂಡಲೇ ಕಿಟಕಿ ತೆಗೆದ ಹಾಗೆ ಆಯಿತು. ಅದೇ ಆಂಪ್, ಅದೇ ಸ್ಪೀಕರ್!

ಮೊದಲು 12. ಕೆಳಗಿನ ತಂತಿಗಳು ಸ್ಪಷ್ಟ, ಯಾವ ಕೊರತೆಯೂ ಇಲ್ಲ. ತಮ್ಮ ಹೇಳಿದ 123 ಹರ್ಟ್ಸ್ ಮಾತು ನಿಜ. ತತ್ವಪದದ ಹಿಂದೆ ಸುಮ್ನೆ ಹಿಡಿದು ನುಡಿಸುವಾಗ ಚೆನ್ನಾಗಿತ್ತು. ಆದರೆ ಹಾಡು ನಿಂತ ಮೇಲೆ ನಾನೊಬ್ಬನೇ ಮೇಲಕ್ಕೆ ಹೋಗುವ ಜಾಗ ಇದೆಯಲ್ಲ, 13, 15ನೇ ಫ್ರೆಟ್, ಅಲ್ಲಿ ಫರಸಿಗೂ ಗೋಡೆಗೂ ಬಡಿದು ಸ್ವರ ಗಾಜಿನ ಚೂರಿನಂತೆ ವಾಪಸ್ ಬಂತು. ಹಾರ್ಮೋನಿಯಂನವರು ಕೈ ಎತ್ತಿ ಸಾಕು ಅಂದರು.

ಆಮೇಲೆ 15. ಟ್ರೆಬಲ್ ಸ್ವಲ್ಪ ಇಳಿಸಿದೆ. ಅದೇ ಫ್ರೆಟ್, ಅದೇ ತಂತಿ. ಪ ಹಿಡಿದು ಪೆಡಲ್ ಒತ್ತಿ ಧ ಗೆ ಹೋದೆ. ಅದು ಗಂಟಲಿನಿಂದ ಬಂದ ಹಾಗಿತ್ತು. ಸಣ್ಣ ಸ್ವರವೇ, ಆದರೆ ಒಳಗೆ ತುಂಬಿತ್ತು. ಹುಡುಗನಾಗಿದ್ದಾಗ ರೇಡಿಯೊದಲ್ಲಿ ಕೇಳಿದ್ದು ನೆನಪಾಯಿತು. ಆ ರೇಡಿಯೊ ಸ್ಪೀಕರ್ ಅಂಗೈಯಷ್ಟು ಇದ್ದಿರಬೇಕು. ಯಾಕೆ ಹಾಗನಿಸಿತೋ, ಆದರೆ ಅನಿಸಿತು. ವಾಲ್ಯೂಮ್ ಪೆಡಲ್ ಎಷ್ಟು ಒತ್ತಿದರೂ ಹರಿಯಲಿಲ್ಲ.

ಹುಡುಗನಿಗೆ ತಂತಿ ಮೀಟಲು ಹೇಳಿ ನಾನು ಸುತ್ತು ಹಾಕಿದೆ. ಹೆಂಗಸರು ಕೂರುವ ಎಡಗಡೆ ಹೋದರೆ 15 ನಿಜವಾಗಿ ಮಂಕು. ಎದುರಿಗೆ ಬಂದರೆ ತಿಳಿ. ಆಂಪಿನ ಮುಂಭಾಗಕ್ಕೆ ಇಟ್ಟಿಗೆ ಕೊಟ್ಟು ಹಿಂದಕ್ಕೆ ವಾಲಿಸಿದೆ, ಮತ್ತು ಒಂದು ಮೂಲೆಯ ಹತ್ತಿರದಿಂದ ಸಭೆಯ ಕಡೆ ಓರೆಯಾಗಿ ತಿರುಗಿಸಿದೆ. ಎಡಗಡೆಯೂ ಸುಧಾರಿಸಿತು. ನೆಲಕ್ಕೆ ಎರಡು ಜಮಖಾನೆ ಹಾಸಿದ ಮೇಲೆ 12 ಕೂಡ ಮೊದಲಿಗಿಂತ ಮೆತ್ತಗಾಯಿತು, ಅದನ್ನೂ ಹೇಳಬೇಕು. ಜಮಖಾನೆ ಇರುವ ಸಣ್ಣ ಕೋಣೆಯಲ್ಲಿ ಮಾತ್ರ ನುಡಿಸುವವರಿಗೆ ನಾನು 12 ತಗೊಳ್ಳಿ ಅಂತಲೇ ಹೇಳುತ್ತೇನೆ. ನನ್ನ ಭವನಕ್ಕೆ 15.

ಕೆಸಿ-550ನ್ನೇ ಕೊಂಡುಬಿಡೋಣ ಅಂದರೆ ಒಬ್ಬನೇ ಎತ್ತಲು ಆಗಲಿಲ್ಲ. ಆಂಪ್ ಬೇರೆ, ಬಾಕ್ಸ್ ಬೇರೆ ಮಾಡಿದರೆ ಹೇಗೆ? ಸ್ಪೀಕರ್ ಹೈದರಾಬಾದ್‌ನಿಂದ ನೀವೇ ಆರಿಸಿ ಕಳಿಸಬೇಕು ತಮ್ಮ.

ಚರ್ಚ್ ಕೀಬೋರ್ಡ್, ಬೀದರ್

ಅಣ್ಣಾ, ಓದಿ ಕಣ್ಣು ತುಂಬಿ ಬಂತು. ಬೀದರ್‌ಗೆ ಒಮ್ಮೆ ಬನ್ನಿ, ವಾದ್ಯ ತನ್ನಿ, 15 ಇಂಚಿನ ಆಂಪ್ ನಮ್ಮಲ್ಲೇ ಇದೆ.

ಒಂದು ಸಣ್ಣ ಮಾತು. ಮಿಡ್ (ನಡುವಿನ ಸ್ವರಗಳು) ಎಲ್ಲಿ ಕಡಿಯಬೇಕು ಅಂತ ಆರಿಸುವ ತಿರುಗಣಿ ಇರುವ ಆಂಪ್ ಸಿಕ್ಕರೆ 800 ಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿ ನೋಡಿ. ನ್ಯಾಶ್‌ವಿಲ್ 400 ಬಳಸುವವರು ಹಾಗೆ ಮಾಡುತ್ತಾರೆ. ಮೂಗಿನಿಂದ ಹಾಡಿದ ಹಾಗೆ ಇರುವುದು ಹೋಗುತ್ತದೆ.

ಕಾಯಿಲ್ ರಿಪೇರಿ, ಹೈದರಾಬಾದ್

ಆಂಪ್ ಬೇರೆ, ಬಾಕ್ಸ್ ಬೇರೆ ಮಾಡುವುದು ಒಳ್ಳೆಯದು ಕಾಕಾ. ಈಗಿನ ಕ್ಲಾಸ್ ಡಿ ಆಂಪ್‌ಗಳು ಎರಡು, ಮೂರು ಕಿಲೊ ತೂಗುತ್ತವೆ. ಬ್ಯಾಗಿನಲ್ಲಿ ಹೆಗಲಿಗೆ ಹಾಕಿಕೊಳ್ಳಬಹುದು. ಸ್ಪೀಕರ್ ನಿಯೋಡಿಮಿಯಂ ಮ್ಯಾಗ್ನೆಟ್‌ನದು ನೋಡುತ್ತೇನೆ. ಕರಿ ಮ್ಯಾಗ್ನೆಟ್‌ನ 15ಕ್ಕಿಂತ ಕೆಲವು ಕಿಲೊ ಹಗುರ. ಹಾರ್ನ್ ಬೇಡ. ಬೆರಳಿನ ಪಿಕ್ ತಂತಿಗೆ ತಾಗುವ ಟಕ್ ಟಕ್ ಶಬ್ದವನ್ನು ಹಾರ್ನ್ ಎತ್ತಿ ತೋರಿಸುತ್ತದೆ.

ಬಾಕ್ಸ್ ನಿಮ್ಮ ಊರಿನ ಬಡಿಗರಿಂದಲೇ ಮಾಡಿಸಿ. ಹೊರಗಿನ ಅಳತೆ 24 ಇಂಚು ಅಗಲ, 22 ಎತ್ತರ, 12 ಆಳ ಇರಲಿ. ಒಳಗೆ 80 ಲೀಟರ್ ಹತ್ತಿರ ಜಾಗ ಸಿಗುತ್ತದೆ, ನಿಮ್ಮ 123 ಹರ್ಟ್ಸ್‌ಗೆ ಅಷ್ಟು ಸಾಕು. ಪೂರ್ತಿ 18 ಎಂಎಂ ಪ್ಲೈವುಡ್ ಹಾಕಿದರೆ ಪೆಟ್ಟಿಗೆಯೊಂದೇ 15 ಕಿಲೊ ಹತ್ತಿರ ಆಗುತ್ತದೆ. ಮುಂದಿನ ಹಲಗೆ ಮಾತ್ರ 18 ಇರಲಿ, ಉಳಿದದ್ದು 12 ಎಂಎಂ ಹಾಕಿ ಒಳಗೆ ಅಡ್ಡಪಟ್ಟಿ ಕೊಡಿಸಿ. ಎಂಡಿಎಫ್ ಬೇಡ, ಭಾರ ಜಾಸ್ತಿ, ನೀರು ಬಿದ್ದರೆ ಉಬ್ಬುತ್ತದೆ. ತೂತು ಕೊರೆಯುವುದನ್ನು ಸ್ಪೀಕರ್ ಕೈಗೆ ಬಂದ ಮೇಲೆ ಮಾಡಿಸಿ. 15 ಇಂಚು ಅಂದರೂ ಒಂದೊಂದು ಕಂಪನಿಯದು ಒಂದೊಂದು ಅಳತೆ.

ಬಿಸಿಲೂರ ಗಿಟಾರ್, ಕಲಬುರಗಿ

ಅಳತೆ ಬರೆದುಕೊಂಡೆ. ನಿನ್ನೆ ಬಡಿಗರಿಗೆ ಕೊಟ್ಟು ಬಂದೆ. ಹಿಂದಿನ ಹಲಗೆಗೆ ಅಂಟು ಹಾಕಬೇಡಿ, ಬರೀ ಸ್ಕ್ರೂ ಇರಲಿ ಅಂತ ಹೇಳಿದ್ದೇನೆ. ಮುಚ್ಚಿದ ಬಾಕ್ಸ್ ಹೇಗೆ, ಹಿಂದೆ ತೆರೆದ ಬಾಕ್ಸ್ ಹೇಗೆ ಅಂತ ಭವನದಲ್ಲಿ ಎರಡೂ ಕೇಳಬೇಕು. ಕಾಲೇಜು ಹುಡುಗ ಈಗ ವಾರಕ್ಕೆ ಎರಡು ದಿನ ಸಂಜೆ ಮನೆಗೆ ಬರುತ್ತಿದ್ದಾನೆ. ಬಾರ್ ಹಿಡಿಯುವುದನ್ನು ಕಲಿಸುತ್ತಿದ್ದೇನೆ. ಸ್ಪೀಕರ್ ಬಂದ ದಿನ ಇಲ್ಲೇ ಬರೆಯುತ್ತೇನೆ.